ಯಾವ ಇಸವಿಯ ಬಣ್ಣ? ಮೈಸೂರಿನ ರಾಕೆಟ್ಟು ಮತ್ತು ಬೆಂಗಳೂರಿನ ಲಿಬರೇಟರ್

ಶ್ರೀರಂಗಪಟ್ಟಣದ ದರಿಯಾ ದೌಲತ್ತಿಗೆ ಹೋದವರು ಅದರ ಪಶ್ಚಿಮದ ಗೋಡೆಯ ಮುಂದೆ ಒಂದಿಷ್ಟು ಹೊತ್ತು ನಿಂತೇ ನಿಲ್ಲುತ್ತಾರೆ. 1780ರ ಸೆಪ್ಟೆಂಬರ್ 10ರಂದು ಕಂಚಿಯ ಹತ್ತಿರದ ಪೊಳ್ಳಿಲೂರಿನಲ್ಲಿ ಹೈದರ್ ಮತ್ತು ಟಿಪ್ಪು ಸೇರಿ ಕರ್ನಲ್ ಬೇಲಿಯ ಸೈನ್ಯವನ್ನು ಮುರಿದ ಯುದ್ಧ ಅಲ್ಲಿ ಚಿತ್ರವಾಗಿದೆ. ಪಲ್ಲಕ್ಕಿಯಲ್ಲಿ ಕುಳಿತು ಬೆರಳು ಕಚ್ಚಿಕೊಂಡ ಬೇಲಿ, ಅವನ ಸುತ್ತ ಚೌಕಟ್ಟು ಕಟ್ಟಿ ನಿಂತ ಕೆಂಪು ಕೋಟಿನ ಸಿಪಾಯಿಗಳು, ಹೊತ್ತಿ ಸಿಡಿಯುತ್ತಿರುವ ಮದ್ದಿನ ಬಂಡಿ. ಆ ಬಂಡಿಗೆ ಕಿಡಿ ತಾಗಿಸಿದ್ದು ಮೈಸೂರಿನ ರಾಕೆಟ್ಟು ಎಂದು ಹಲವು ಇತಿಹಾಸಕಾರರು ಬರೆದಿದ್ದಾರೆ.

ಇವತ್ತು ನಮಗೆ ಕಾಣುವ ಚಿತ್ರ 1784ರ ಸುಮಾರಿಗೆ ಬರೆದದ್ದು ಹಾಗೆಯೇ ಉಳಿದು ಬಂದದ್ದಲ್ಲ. 1799ರ ಮುತ್ತಿಗೆಯ ಹೊತ್ತಿಗೆ ಅದು ಕೆಟ್ಟುಹೋಗಿತ್ತು. ಪಟ್ಟಣ ಬಿದ್ದ ಮೇಲೆ ಇದೇ ಅರಮನೆಯಲ್ಲಿ ವಾಸವಾಗಿದ್ದ ಕರ್ನಲ್ ಆರ್ಥರ್ ವೆಲ್ಲೆಸ್ಲಿ ಅದನ್ನು ಸರಿಪಡಿಸಿದ. ಆಮೇಲೆ ಮತ್ತೆ ಅದರ ಮೇಲೆ ಸುಣ್ಣ ಬಿತ್ತು. ಗವರ್ನರ್ ಜನರಲ್ ಡಾಲ್‌ಹೌಸಿ ಇಲ್ಲಿಗೆ ಬಂದಾಗ, ಮೂಲ ಚಿತ್ರದ ನೆನಪಿದ್ದ ಸ್ಥಳೀಯ ಚಿತ್ರಕಾರನಿಂದ ಅದನ್ನು ಇನ್ನೊಮ್ಮೆ ಬರೆಸಿದ. ತಮ್ಮದೇ ಸೈನ್ಯದ ಸೋಲಿನ ಚಿತ್ರವನ್ನು ಇಂಗ್ಲಿಷರೇ ಎರಡು ಸಲ ಕಾಪಾಡಿದ ವಿಚಿತ್ರ ಇದು. ಹಾಗಾದರೆ ನಾವು ನೋಡುತ್ತಿರುವುದು ಯಾರ ಚಿತ್ರ? ಟಿಪ್ಪುವಿನ ಕಾಲದ್ದೋ, ವೆಲ್ಲೆಸ್ಲಿಯದೋ, ಡಾಲ್‌ಹೌಸಿಯ ಕಾಲದ ಆ ಹೆಸರಿಲ್ಲದ ಚಿತ್ರಕಾರನ ನೆನಪಿನದೋ?

ಹಳೆಯ ವಸ್ತುವೊಂದನ್ನು ಸರಿಪಡಿಸಲು ಹೊರಟವರೆಲ್ಲ ಈ ಪ್ರಶ್ನೆಗೆ ಉತ್ತರ ಹೇಳಲೇಬೇಕು. ವಸ್ತುವನ್ನು ಯಾವ ಇಸವಿಗೆ ಮರಳಿಸುವುದು? ಒಂದು ಇಸವಿಯನ್ನು ಆರಿಸಿಕೊಂಡ ಕೂಡಲೇ ಉಳಿದ ಇಸವಿಗಳು ಬಣ್ಣದ ಕೆಳಗೆ ಹೋಗುತ್ತವೆ. ಹಾರುವ ಯುದ್ಧ ಸಾಮಗ್ರಿಯ ವಿಷಯದಲ್ಲಿ ಈ ಪ್ರಶ್ನೆ ಹಳೆಯ ಮೈಸೂರಿನ ನೆಲದಲ್ಲಿ ಎರಡು ಸಲ ಎದ್ದಿದೆ. ಒಂದು ಸಲ ನಮ್ಮ ವಸ್ತುವನ್ನು ಬೇರೆಯವರು ನಕಲು ಮಾಡಿದರು. ಇನ್ನೊಂದು ಸಲ ಬೇರೆಯವರ ವಸ್ತುವನ್ನು ನಾವು ಸತ್ತಲ್ಲಿಂದ ಎಬ್ಬಿಸಿದೆವು. ಎರಡರಲ್ಲೂ ಕೆಲಸ ಮಾಡಿದ ಕೈಗಳು ಕೊನೆಗೆ ಕಾಣದಂತಾದವು.

ಮೊದಲು ರಾಕೆಟ್ಟಿನ ಮಾತು. ಬಾಣ, ಬಿರುಸು ಎಂಬ ಹೆಸರಿನಲ್ಲಿ ಮದ್ದಿನ ಕೊಳವೆಗಳು ಭಾರತದ ಯುದ್ಧಗಳಲ್ಲಿ ಹೈದರನಿಗಿಂತ ಮೊದಲೇ ಇದ್ದವು. ಮೈಸೂರಿನವರು ತಂದ ಬದಲಾವಣೆ ಕೊಳವೆಯದು. ಕಾಗದ ಅಥವಾ ಬಿದಿರಿನ ಬದಲು ಬಡಿದು ಮಾಡಿದ ಮೆದು ಕಬ್ಬಿಣದ ಕೊಳವೆ. ಕಬ್ಬಿಣ ಹೆಚ್ಚು ಒತ್ತಡ ತಡೆಯುತ್ತದೆ, ಹಾಗಾಗಿ ಮದ್ದನ್ನು ಬಿಗಿಯಾಗಿ ತುಂಬಬಹುದು. ಉರಿದ ಅನಿಲ ಹಿಂದಿನ ಕಿರಿದಾದ ಬಾಯಿಂದ ರಭಸವಾಗಿ ನುಗ್ಗಿದಷ್ಟೂ ರಾಕೆಟ್ಟು ದೂರ ಹೋಗುತ್ತದೆ. ಕೊಳವೆಗೆ ಕಟ್ಟಿದ ಉದ್ದನೆಯ ಬಿದಿರು ಅದರ ದಾರಿ ತಪ್ಪದಂತೆ ನೋಡಿಕೊಳ್ಳುತ್ತದೆ. ಕೆಲವಕ್ಕೆ ಬಿದಿರಿನ ಬದಲು ಕತ್ತಿಯ ಅಲಗನ್ನೇ ಕಟ್ಟುತ್ತಿದ್ದರು. ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದ ನಿರ್ದೇಶಕರಾಗಿದ್ದ ರೊದ್ದಂ ನರಸಿಂಹ ಅವರು 1985ರಲ್ಲಿ ಈ ರಾಕೆಟ್ಟುಗಳ ಬಗ್ಗೆ ಬರೆದ ಅಧ್ಯಯನದಲ್ಲಿ ಇಂಗ್ಲೆಂಡಿನ ವೂಲ್‌ವಿಚ್ ಸಂಗ್ರಹದ ಎರಡು ಮಾದರಿಗಳ ಅಳತೆ ಕೊಟ್ಟಿದ್ದಾರೆ. ಒಂದರ ಕೊಳವೆ ಸುಮಾರು 10 ಅಂಗುಲ ಉದ್ದ, 2.3 ಅಂಗುಲ ಅಡ್ಡಳತೆ. ಅದನ್ನು ತೊಗಲಿನ ಪಟ್ಟಿಯಿಂದ ಕತ್ತಿಗೆ ಬಿಗಿಯಲಾಗಿದೆ. ಇನ್ನೊಂದು 7.8 ಅಂಗುಲ ಉದ್ದ, 1.5 ಅಂಗುಲ ಅಡ್ಡಳತೆ. ಅದರದು ಆರಡಿಗೂ ಮಿಕ್ಕಿದ ಬಿದಿರು.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗ ಕೋಟೆಯಲ್ಲಿ ಸಿಕ್ಕಿದ್ದು 600 ಉಡಾವಣಾ ಸಾಧನಗಳು, ಹಾರಿಸಲು ಸಿದ್ಧವಿದ್ದ 700 ರಾಕೆಟ್ಟುಗಳು, ಮದ್ದು ತುಂಬದ 9,000 ಕೊಳವೆಗಳು ಎಂಬ ಲೆಕ್ಕವಿದೆ. ಈ ಕೊನೆಯ ಅಂಕಿಯ ಮುಂದೆ ಸ್ವಲ್ಪ ನಿಲ್ಲಬೇಕು. 9,000 ಕೊಳವೆ ಎಂದರೆ ಅಷ್ಟು ಸಲ ಕಬ್ಬಿಣ ಕಾಸಿ, ಬಡಿದು, ಸುತ್ತಿ, ಅಂಚು ಕೂಡಿಸಿದ ಕೈಕೆಲಸ. ರಾಕೆಟ್ಟುಗಳು ತಯಾರಾಗುತ್ತಿದ್ದ ಕೇರಿಗಳಿಗೆ ತಾರಾಮಂಡಲಪೇಟೆ ಎಂಬ ಹೆಸರಿತ್ತು. ಆ ಕೇರಿಗಳ ಹೆಸರು ಉಳಿದಿದೆ, ಅಲ್ಲಿ ಸುತ್ತಿಗೆ ಹಿಡಿದವರ ಹೆಸರು ಉಳಿದಿಲ್ಲ.

ಸಿಕ್ಕಿದ ರಾಕೆಟ್ಟುಗಳಲ್ಲಿ ಕೆಲವು ವೂಲ್‌ವಿಚ್‌ನ ಶಸ್ತ್ರಾಗಾರಕ್ಕೆ ಹೋದವು. 1804ರ ಹೊತ್ತಿಗೆ ವಿಲಿಯಂ ಕಾಂಗ್ರೀವ್ ಅಲ್ಲಿ ಪ್ರಯೋಗ ಶುರುಮಾಡಿದ. ಅವನು ಮಾಡಿದ್ದು ಬರಿಯ ನಕಲು ಎನ್ನುವುದು ಸರಿಯಲ್ಲ. ಮದ್ದಿನ ಮಿಶ್ರಣ, ಕೊಳವೆಯ ಅಳತೆ, ಸಿಡಿತಲೆಯ ತೂಕ ಎಲ್ಲವನ್ನೂ ಲೆಕ್ಕಕ್ಕೆ ತಂದ, ಒಂದರಂತೆ ಇನ್ನೊಂದನ್ನು ಕಾರ್ಖಾನೆಯಲ್ಲಿ ತಯಾರಿಸುವ ಹಾಗೆ ಮಾಡಿದ. 1807ರಲ್ಲಿ ಕೋಪನ್‌ಹೇಗನ್ ನಗರ ಈ ರಾಕೆಟ್ಟುಗಳಿಂದ ಉರಿಯಿತು. 1814ರಲ್ಲಿ ಬಾಲ್ಟಿಮೋರ್‌ನ ಕೋಟೆಯ ಮೇಲೆ ಬಿದ್ದು ಅಮೆರಿಕದ ರಾಷ್ಟ್ರಗೀತೆಯೊಳಗೆ ಸೇರಿಕೊಂಡ ರಾಕೆಟ್ಟುಗಳೂ ಇವೇ. ಆ ಹೊತ್ತಿಗೆ ಅವಕ್ಕೆ ಮೈಸೂರಿನ ಹೆಸರು ಹೋಗಿ ಕಾಂಗ್ರೀವ್ ರಾಕೆಟ್ಟು ಎಂಬ ಹೆಸರು ನಿಂತಿತ್ತು. ಮೊದಲ ಮರುಸೃಷ್ಟಿ ಹೀಗೆ, ಮೂಲದ ಹೆಸರಿಲ್ಲದೆ ನಡೆಯಿತು.

ಮೂಲವಸ್ತು ನಮ್ಮಲ್ಲಿ ಎಷ್ಟು ಉಳಿದಿದೆ? ಶ್ರೀರಂಗಪಟ್ಟಣಕ್ಕಿಂತ ಹೆಚ್ಚು ಸಿಕ್ಕಿದ್ದು ದೂರದ ಮಲೆನಾಡಿನಲ್ಲಿ. ಹೈದರ್ 1763ರಲ್ಲಿ ಗೆದ್ದ ಬಿದನೂರು, ಅಂದರೆ ಈಗಿನ ಹೊಸನಗರ ತಾಲ್ಲೂಕಿನ ನಗರ, ಅಲ್ಲಿನ ಹಳೆಯ ಬಾವಿಯೊಂದರಲ್ಲಿ 2002ರಲ್ಲಿ ತುಕ್ಕು ಹಿಡಿದ ಕೊಳವೆಗಳು ಸಿಕ್ಕವು. ಅವು ರಾಕೆಟ್ಟುಗಳೆಂದು ಗುರುತಾಗಲು ವರ್ಷಗಳೇ ಹಿಡಿದವು. 2018ರಲ್ಲಿ ರಾಜ್ಯ ಪುರಾತತ್ತ್ವ ಇಲಾಖೆ ಅದೇ ಊರಿನ ಬಾವಿಯ ಕೆಸರು ತೆಗೆಸಿದಾಗ ಸಾವಿರಕ್ಕೂ ಹೆಚ್ಚು ರಾಕೆಟ್ಟುಗಳು ಹೊರಬಂದವು.

ಇಂಥ ಕೊಳವೆಯನ್ನು ಏನು ಮಾಡುವುದು? ತುಕ್ಕನ್ನೆಲ್ಲ ಉಜ್ಜಿ ತೆಗೆದರೆ ನೋಡಲು ಚೆಂದ, ಆದರೆ ತುಕ್ಕಿನ ಜೊತೆ ಸುತ್ತಿಗೆಯ ಗುರುತು, ಕೂಡಿಸಿದ ಅಂಚಿನ ಗೆರೆ, ಒಳಗಂಟಿದ ಮದ್ದಿನ ಪುಡಿ ಎಲ್ಲವೂ ಹೋಗಬಹುದು. ಹಾಗೆಯೇ ಬಿಟ್ಟರೆ ಕಬ್ಬಿಣ ಪದರ ಪದರವಾಗಿ ಉದುರುತ್ತದೆ. ಅದಕ್ಕೇ ಸಂರಕ್ಷಣೆಯವರು ತುಕ್ಕು ಮುಂದುವರಿಯದಂತೆ ತಡೆಯುವಷ್ಟೇ ಕೆಲಸ ಮಾಡಿ ಕೈ ಹಿಂತೆಗೆಯುತ್ತಾರೆ. ವಸ್ತು ಹೇಗೆ ಕೆಲಸ ಮಾಡುತ್ತಿತ್ತು ಎಂದು ತಿಳಿಯಬೇಕಾದರೆ ಬೇರೆಯದೇ ಒಂದು ಪ್ರತಿಕೃತಿ ಮಾಡಬೇಕು. ಅಲ್ಲೂ ಒಂದು ತೊಡಕಿದೆ. ಇವತ್ತಿನ ಕಾರ್ಖಾನೆಯ ಉಕ್ಕಿನ ಪೈಪು ತಂದು ಅದಕ್ಕೆ ಬಿದಿರು ಕಟ್ಟಿದರೆ ಆಕಾರ ಬರುತ್ತದೆ, ಆದರೆ ಅದರಿಂದ 18ನೇ ಶತಮಾನದ ಕುಲುಮೆಯ ಬಗ್ಗೆ ಏನೂ ತಿಳಿಯುವುದಿಲ್ಲ. ಆ ಕಬ್ಬಿಣದಲ್ಲಿ ಎಷ್ಟು ಕಲ್ಮಶವಿತ್ತು, ಕೂಡಿಸಿದ ಅಂಚು ಎಷ್ಟು ಒತ್ತಡ ತಡೆಯುತ್ತಿತ್ತು, ನೂರರಲ್ಲಿ ಎಷ್ಟು ಕೊಳವೆ ಕೈಯಲ್ಲೇ ಸಿಡಿಯುತ್ತಿದ್ದವು ಎಂಬುದು ಗೊತ್ತಾಗಬೇಕಾದರೆ ಕಮ್ಮಾರನೊಬ್ಬ ಅದೇ ಬಗೆಯ ಕಬ್ಬಿಣವನ್ನು ಅದೇ ಬಗೆಯಲ್ಲಿ ಬಡಿಯಬೇಕು. ಅಂಥ ಪ್ರತಿಕೃತಿ ಒಂದು ಪ್ರಯೋಗ; ಪೈಪಿನದು ಬರೀ ಅಲಂಕಾರ.

ನಮ್ಮ ಭಾಗದ ಜನಕ್ಕೆ ಈ ವಿಚಾರ ಹೊಸದೇನಲ್ಲ. ಜೀರ್ಣೋದ್ಧಾರ ಎಂಬ ಮಾತು ಶಾಸನಗಳ ಕಾಲದಿಂದ ಇದೆ. ಊರ ತೇರಿನ ಗಾಲಿ ಸವೆದರೆ ಹೊಸ ಗಾಲಿ, ಅಚ್ಚು ಮುರಿದರೆ ಹೊಸ ಅಚ್ಚು. ನೂರು ವರ್ಷದಲ್ಲಿ ಹಳೆಯ ಮರದ ತುಂಡೊಂದೂ ಉಳಿಯದಿದ್ದರೂ ಅದು ಅದೇ ತೇರು. ನಾಗಮಂಗಲದ ಸೌಮ್ಯಕೇಶವನ ಗುಡಿಯ ಒಡಲು ಹೊಯ್ಸಳರದು, ಗೋಪುರ ವಿಜಯನಗರದ ಕಾಲದ್ದು. ಅದನ್ನು ಕೆಡವಿ ಗುಡಿಯನ್ನು 12ನೇ ಶತಮಾನಕ್ಕೆ ಮರಳಿಸೋಣ ಎಂದು ಯಾರೂ ಹೊರಟಿಲ್ಲ. ಕೃಷ್ಣರಾಜಸಾಗರದಲ್ಲಿ ಮುಳುಗಿದ ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ಗುಡಿಯ ಕಲ್ಲುಗಳನ್ನು ಒಂದೊಂದಾಗಿ ಬಿಚ್ಚಿ ತಂದು ಹಿನ್ನೀರಿನ ದಂಡೆಯ ಹೊಸ ಕನ್ನಂಬಾಡಿಯಲ್ಲಿ ಮತ್ತೆ ಕಟ್ಟಿದರು. 2017ರಲ್ಲಿ ಜೋಡಿ ಹಳಿಗೆ ಅಡ್ಡ ಬಂದ ಶ್ರೀರಂಗಪಟ್ಟಣದ ಮದ್ದಿನ ಮನೆಯನ್ನು, ಸುಮಾರು 1,000 ಟನ್ ತೂಕದ ಇಡೀ ಕಟ್ಟಡವನ್ನು, ಜಾಕ್ ಕೊಟ್ಟು ಎತ್ತಿ ಸುಮಾರು 130 ಮೀಟರ್ ದೂರ ಸರಿಸಿದರು. ಊರುಗಳ ಹೆಸರಿನಲ್ಲೂ ಇದೇ ಪದರಗಳಿವೆ. ಪಾಂಡವಪುರ ಒಂದು ಕಾಲದಲ್ಲಿ ಹಿರೋಡೆ; ಹೈದರ್ ಮತ್ತು ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚ್ ದಂಡು ಅಲ್ಲಿ ಬೀಡುಬಿಟ್ಟಿದ್ದರಿಂದ ಇಂಗ್ಲಿಷರಿಗೆ ಅದು ಫ್ರೆಂಚ್ ರಾಕ್ಸ್. ಕೃಷ್ಣರಾಜಪೇಟೆ ಮೊದಲು ಅತ್ತಿಕುಪ್ಪೆ. ಹೊಸ ಹೆಸರು ಬಂದಿತೆಂದು ಹಳೆಯದನ್ನು ಹಿರಿಯರು ಮರೆಯಲಿಲ್ಲ. ಮೇಲೊಂದು ಪದರ ಬಂದಾಗ ಕೆಳಗಿನದರ ನೆನಪನ್ನು ಇಟ್ಟುಕೊಳ್ಳುವ ಈ ರೂಢಿ ವಿಮಾನಗಳಿಗೆ ಸಿಗಲಿಲ್ಲ.

ಶ್ರೀರಂಗಪಟ್ಟಣ ಬಿದ್ದು ಸುಮಾರು 150 ವರ್ಷವಾದ ಹೊತ್ತಿಗೆ ಮೈಸೂರು ಸಂಸ್ಥಾನದ ಬೆಂಗಳೂರಿನಲ್ಲಿ ವಿಮಾನದ ಕಾರ್ಖಾನೆಯೊಂದು ನಿಂತಿತ್ತು. ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜೊತೆಗೂಡಿ 1940ರ ಡಿಸೆಂಬರ್‌ನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಸ್ಥಾಪಿಸಿದ್ದರು. ಎರಡನೇ ಮಹಾಯುದ್ಧದ ನಡುವೆ, 1943ರಲ್ಲಿ, ಅದು ಅಮೆರಿಕದ ಸೇನಾ ವಾಯುಪಡೆಯ ರಿಪೇರಿ ಕೇಂದ್ರವಾಯಿತು. ನೀರಿನ ಮೇಲೆ ಇಳಿಯುವ ಕ್ಯಾಟಲೀನಾ ವಿಮಾನಗಳು ಬೆಳ್ಳಂದೂರು ಕೆರೆಗೆ ಬಂದಿಳಿದು ಇಲ್ಲಿ ದುರಸ್ತಿಯಾಗುತ್ತಿದ್ದವು. ಯುದ್ಧ ಮುಗಿದಾಗ ಇಲ್ಲಿನ ಕೆಲಸಗಾರರ ಕೈಯಲ್ಲಿ ಹಲವು ಬಗೆಯ ವಿಮಾನಗಳನ್ನು ಬಿಚ್ಚಿ ಕಟ್ಟಿದ ಅನುಭವವಿತ್ತು.

ಅದೇ ಹೊತ್ತಿಗೆ ಕಾನ್ಪುರದಲ್ಲಿ ಬಿ-24 ಲಿಬರೇಟರ್ ಎಂಬ ಅಮೆರಿಕದ ಭಾರೀ ಬಾಂಬರ್‌ಗಳ ರಾಶಿ ಬಿದ್ದಿತ್ತು. ನಾಲ್ಕು ಎಂಜಿನ್, 110 ಅಡಿ ಅಗಲಕ್ಕೆ ಚಾಚಿದ ರೆಕ್ಕೆ. ಯುದ್ಧಕಾಲದ ಕಡದ ಒಪ್ಪಂದದಡಿ ಬ್ರಿಟಿಷರಿಗೆ ಅಮೆರಿಕ ಕೊಟ್ಟಿದ್ದ ವಿಮಾನಗಳಿವು. ಯುದ್ಧದ ನಂತರ ಇವನ್ನು ಹಿಂದಿರುಗಿಸಬೇಕಿತ್ತು, ಇಲ್ಲವೇ ನಿರುಪಯೋಗ ಮಾಡಬೇಕಿತ್ತು. ಬಿಟ್ಟು ಹೋಗುವ ಮುನ್ನ ಒಡಲಿಗೆ ಪೆಟ್ಟು ಕೊಟ್ಟು, ಉಪಕರಣ ಒಡೆದು, ಎಂಜಿನ್ನಿಗೆ ಮರಳು ಸುರಿದು ಅವನ್ನು ಹಾಳುಗೆಡವಿದ್ದರು ಎಂದು ವಾಯುಪಡೆಯ ಇತಿಹಾಸ ಬರೆದವರು ಹೇಳುತ್ತಾರೆ. ಉಳಿದದ್ದನ್ನು ಮಳೆ ಬಿಸಿಲು ನೋಡಿಕೊಂಡವು.

1948ರಲ್ಲಿ ಕಾಶ್ಮೀರದ ಯುದ್ಧ ನಡೆಯುತ್ತಿದ್ದಾಗ ಸ್ವತಂತ್ರ ಭಾರತಕ್ಕೆ ಭಾರೀ ಬಾಂಬರ್‌ಗಳು ಬೇಕಿದ್ದವು, ಕೊಳ್ಳಲು ದಾರಿಯಿರಲಿಲ್ಲ. ಬೆಂಗಳೂರಿನ ಕಾರ್ಖಾನೆಯವರು ಕಾನ್ಪುರದ ಗುಜರಿಯನ್ನು ಪರಿಶೀಲಿಸಿ, ಕೆಲವನ್ನು ಎಬ್ಬಿಸಬಹುದು ಎಂದರು. ಒಂದರ ರೆಕ್ಕೆ, ಇನ್ನೊಂದರ ಬಾಲ, ಮತ್ತೊಂದರ ಚಕ್ರ ಕೂಡಿಸಿ, ಹಾರಲು ಎಷ್ಟು ಬೇಕೋ ಅಷ್ಟು ಮಾತ್ರ ಅಲ್ಲೇ ಸರಿಮಾಡುವುದು. ಹಾಗೇ ಹಾರಿಸಿಕೊಂಡು ಬೆಂಗಳೂರಿಗೆ ತಂದು ಪೂರ್ತಿ ಬಿಚ್ಚಿ ಕಟ್ಟುವುದು. ಹೀಗೆ ಹಾರಿಸಿ ತಂದವರು ಕಂಪನಿಯ ಮುಖ್ಯ ಪರೀಕ್ಷಾ ಪೈಲಟ್ ಜಮ್ಷೆಡ್ ಮುನ್ಷಿ. ಕಾನ್ಪುರದಿಂದ ಬೆಂಗಳೂರಿಗೆ, ಅರ್ಧ ರಿಪೇರಿಯ ವಿಮಾನದಲ್ಲಿ, ಒಂದಾದ ಮೇಲೊಂದರಂತೆ ಬಂದ ಆ ಪ್ರಯಾಣಗಳಲ್ಲಿ ಯಾವುದೂ ಸುಲಭದ್ದಾಗಿರಲಾರದು. 1948ರ ನವೆಂಬರ್‌ನಲ್ಲಿ ವಾಯುಪಡೆಯ 5ನೇ ಸ್ಕ್ವಾಡ್ರನ್ ಲಿಬರೇಟರ್‌ಗಳೊಂದಿಗೆ ರೂಪುಗೊಂಡಿತು. ಒಟ್ಟು 40ಕ್ಕೂ ಹೆಚ್ಚು ವಿಮಾನಗಳು ಹೀಗೆ ಮರುಹುಟ್ಟು ಪಡೆದವು. ಆಮೇಲೆ 6ನೇ ಸ್ಕ್ವಾಡ್ರನ್ ಇವನ್ನು ಸಮುದ್ರದ ಕಾವಲಿಗೆ ಬಳಸಿತು. 1968ರ ಕೊನೆಯವರೆಗೂ ಅವು ಹಾರಿದವು. ಬೇರೆ ದೇಶಗಳಲ್ಲಿ ಇವುಗಳ ಜೊತೆಯವು ಎಷ್ಟೋ ವರ್ಷ ಮೊದಲೇ ಕರಗಿ ಅಲ್ಯೂಮಿನಿಯಂ ಗಟ್ಟಿಗಳಾಗಿದ್ದವು.

ಇಲ್ಲಿ ಒಂದು ವ್ಯತ್ಯಾಸ ಗಮನಿಸಬೇಕು. ಇವತ್ತು ಹಳೆಯ ಯುದ್ಧ ವಿಮಾನವನ್ನು ಸರಿಮಾಡುವವರ ಗುರಿ ವಸ್ತುಸಂಗ್ರಹಾಲಯ ಅಥವಾ ಪ್ರದರ್ಶನದ ಹಾರಾಟ. ಬೆಂಗಳೂರಿನವರ ಮುಂದೆ ಪರಂಪರೆಯ ಯೋಚನೆಯೇ ಇರಲಿಲ್ಲ. ಬಿತ್ತನೆಗೆ ಮೊದಲು ನೇಗಿಲು ಸರಿಮಾಡಿದ ಹಾಗೆ ಅವರು ಕೆಲಸಕ್ಕೆ ಬೇಕೆಂದು ಸರಿಮಾಡಿದರು. ಹಾಗೆ ಮಾಡಿದ್ದರಿಂದಲೇ ಪರಂಪರೆ ಉಳಿಯಿತು. ಯುದ್ಧಕಾಲದಲ್ಲಿ 18,000ಕ್ಕೂ ಹೆಚ್ಚು ಲಿಬರೇಟರ್‌ಗಳು ತಯಾರಾಗಿದ್ದವು. ಇಂದು ಜಗತ್ತಿನಲ್ಲಿ ಇಡಿಯಾಗಿ ಉಳಿದಿರುವವು ಒಂದೆರಡು ಡಜನ್ ಕೂಡ ಇಲ್ಲ, ಅವುಗಳಲ್ಲಿ ದೊಡ್ಡ ಪಾಲು ಭಾರತೀಯ ವಾಯುಪಡೆಯಿಂದ ಹೋದವು. ಕೆನಡಾದ ಒಟ್ಟಾವಾ, ಅಮೆರಿಕದ ಅರಿಝೋನಾದ ಪಿಮಾ, ಬ್ರಿಟನ್ನಿನ ರಾಯಲ್ ಏರ್‌ಫೋರ್ಸ್ ವಸ್ತುಸಂಗ್ರಹಾಲಯ, ಎಲ್ಲ ಕಡೆಯ ಲಿಬರೇಟರ್‌ಗಳೂ ಇಲ್ಲಿಂದ ಹೋದವೇ.

ಹೋದ ಮೇಲೆ ಅವಕ್ಕೆ ಬಣ್ಣ ಬಿತ್ತು. ಒಟ್ಟಾವಾದ್ದು ಕೆನಡಾದ ಬಣ್ಣಕ್ಕೆ ತಿರುಗಿತು, ಪಿಮಾದ್ದು ಅಮೆರಿಕದ ಬಣ್ಣಕ್ಕೆ, ಬ್ರಿಟನ್ನಿನದು ಬ್ರಿಟಿಷರದಕ್ಕೆ. ಇವುಗಳಲ್ಲಿ ಒಂದರ ಕಥೆಯನ್ನು ಬಿಡಿಸಿ ಹೇಳಬೇಕು. ಅದು 1944ರ ಆಗಸ್ಟ್‌ನಲ್ಲಿ ಟೆಕ್ಸಾಸ್‌ನ ಫೋರ್ಟ್ ವರ್ತ್‌ನಲ್ಲಿ ತಯಾರಾದ ವಿಮಾನ. ಬ್ರಿಟಿಷರ ಕೈಗೆ ಬಂದು, ಯುದ್ಧ ಮುಗಿದ ಮೇಲೆ ಭಾರತದಲ್ಲಿ ಗುಜರಿಯಾಯಿತು. ಬೆಂಗಳೂರಿನವರು ಅದನ್ನು ಎಬ್ಬಿಸಿದರು, 1968ರವರೆಗೆ ಭಾರತದಲ್ಲಿ ಹಾರಿತು. ಮತ್ತೆ 13 ವರ್ಷ ಮೂಲೆಯಲ್ಲಿ ಬಿದ್ದಿತ್ತು. 1981ರಲ್ಲಿ ಬ್ರಿಟನ್ನಿನ ಸಂಗ್ರಾಹಕರೊಬ್ಬರು ಕೊಂಡರು, 1984ರಲ್ಲಿ ಅಮೆರಿಕದ ಕಾಲಿಂಗ್ಸ್ ಫೌಂಡೇಶನ್ ಅವರಿಂದ ಕೊಂಡಿತು. ಐದು ವರ್ಷದ ದುಡಿಮೆಯ ನಂತರ 1989ರಲ್ಲಿ ಅದು ಮತ್ತೆ ಹಾರಿತು. ಆಗ ಅದರ ಮೂಗಿನ ಮೇಲೆ ಬರೆದ ಹೆಸರು ಆಲ್ ಅಮೆರಿಕನ್. ಆಮೇಲೆ ಪೆಸಿಫಿಕ್‌ನಲ್ಲಿ ಹೋರಾಡಿದವರ ನೆನಪಿಗೆ ಡ್ರ್ಯಾಗನ್ನಿನ ಚಿತ್ರ ಬಂತು, ಅದರ ನಂತರ ಯೂರೋಪಿನ ಮೇಲೆ ಹಾರಿದವರ ನೆನಪಿಗೆ ವಿಚ್‌ಕ್ರಾಫ್ಟ್ ಎಂಬ ಹೆಸರು. ತನ್ನ ಕೆಲಸದ ಬದುಕಿನ ಬಹುಪಾಲನ್ನು ಭಾರತದ ಆಕಾಶದಲ್ಲಿ ಕಳೆದ ವಿಮಾನ ಮೂರು ಸಲ ಬಣ್ಣ ಬದಲಿಸಿತು. ಮೂರರಲ್ಲಿ ಒಂದೂ ಭಾರತದ್ದಲ್ಲ.

ಇದನ್ನು ಅನ್ಯಾಯ ಎಂದು ಕೂಗುವುದು ಸುಲಭ. ಆ ಬಣ್ಣ ಬಳಿದವರ ಕಡೆಯಿಂದಲೂ ನೋಡಬೇಕು. ಲಿಬರೇಟರ್‌ಗಳಲ್ಲಿ ಸತ್ತ ಸಾವಿರಾರು ಹುಡುಗರ ಮನೆಯವರು, ಬದುಕಿ ಬಂದ ಮುದುಕರು ತಾವು ಕಂಡ ವಿಮಾನವನ್ನು ಇನ್ನೊಮ್ಮೆ ಕಾಣಬೇಕೆಂದು ಬಯಸಿದರು. ಅವರ ವಿಮಾನಗಳು ಉಳಿದಿರಲಿಲ್ಲ, ಉಳಿದದ್ದು ನಮ್ಮದು. ನಾವೂ ಅದನ್ನೇ ಮಾಡಿದ್ದೇವೆ. 2018ರಲ್ಲಿ ಭಾರತೀಯ ವಾಯುಪಡೆಯ ಹಳೆಯ ವಿಮಾನಗಳ ತಂಡಕ್ಕೆ ಒಂದು ಡಕೋಟಾ ಸೇರಿತು. ಬೆಂಗಳೂರಿನ ರಾಜೀವ್ ಚಂದ್ರಶೇಖರ್ ಅವರು ಹೊರದೇಶದ ಗುಜರಿಯಿಂದ ಕೊಂಡು, ಬ್ರಿಟನ್ನಿನಲ್ಲಿ ಸರಿಮಾಡಿಸಿ, ಡಕೋಟಾ ಹಾರಿಸಿದ್ದ ತಮ್ಮ ತಂದೆಯ ಗೌರವಾರ್ಥ ಕೊಟ್ಟದ್ದು. ಪರಶುರಾಮ ಎಂದು ಅದಕ್ಕೆ ಹೆಸರು. ಅದರ ಮೇಲೆ ಬರೆದಿರುವ ವಿಪಿ 905 ಎಂಬ ಸಂಖ್ಯೆ 1947ರ ಅಕ್ಟೋಬರ್ 27ರಂದು ಸಿಖ್ ರೆಜಿಮೆಂಟಿನ ಸೈನಿಕರನ್ನು ಶ್ರೀನಗರಕ್ಕೆ ಹೊತ್ತ ಡಕೋಟಾದ್ದು. ಇದು ಆ ವಿಮಾನವಲ್ಲ, ಅದರ ಸಂಖ್ಯೆ ಹೊತ್ತ ಇನ್ನೊಂದು. ಇದರ ಮೊದಲ ಬದುಕು ಈಗ ನಮ್ಮ ಬಣ್ಣದ ಕೆಳಗಿದೆ.

ಆದ್ದರಿಂದ ತಕರಾರು ಬಣ್ಣದ ಬಗ್ಗೆ ಅಲ್ಲ, ಬಣ್ಣದ ಪಕ್ಕದಲ್ಲಿ ಇಡುವ ಫಲಕದ ಬಗ್ಗೆ. ಒಂದು ಇಸವಿಯ ವೇಷ ಹಾಕಲೇಬೇಕು, ಎಲ್ಲ ಇಸವಿಗಳನ್ನೂ ಒಂದೇ ಮೈಮೇಲೆ ತೋರಿಸಲಾಗದು. ಆದರೆ ವೇಷದ ಕೆಳಗೆ ಯಾರು ಯಾರ ಕೆಲಸವಿದೆ ಎಂದು ಬರೆಯಬಹುದು. ಕಾಂಗ್ರೀವ್ ರಾಕೆಟ್ಟಿನ ಪಕ್ಕದಲ್ಲಿ ಮೈಸೂರಿನ ಕೊಳವೆ ಇರಬೇಕು. ಮೈಸೂರಿನ ಕೊಳವೆಯ ಪಕ್ಕದಲ್ಲಿ, ಅದನ್ನು ಹೇಗೆ ಬಡಿದರು ಎಂದು ತೋರಿಸುವ, ಕಮ್ಮಾರನ ಕೈಯಲ್ಲೇ ತಯಾರಾದ ಪ್ರತಿಕೃತಿ ಇರಬೇಕು. ಲಿಬರೇಟರಿನ ಪಕ್ಕದಲ್ಲಿ ಕಾನ್ಪುರದ ಗುಜರಿ, ಬೆಂಗಳೂರಿನ ಶೆಡ್ಡು, ಪುಣೆಯ ರನ್‌ವೇ ಎಲ್ಲದರ ಮಾತು ಬರಬೇಕು. ದೆಹಲಿಯ ಪಾಲಂ ವಸ್ತುಸಂಗ್ರಹಾಲಯದಲ್ಲಿ ಒಂದು ಲಿಬರೇಟರ್ ಭಾರತದ ಬಣ್ಣದಲ್ಲೇ ನಿಂತಿದೆ. ಅದನ್ನು ನೋಡುವ ಮಕ್ಕಳಿಗೆ ಇದು ಅಮೆರಿಕದಲ್ಲಿ ಹುಟ್ಟಿದ್ದು ಎಂಬಷ್ಟೇ ಸ್ಪಷ್ಟವಾಗಿ ಬೆಂಗಳೂರಿನಲ್ಲಿ ಮರುಹುಟ್ಟು ಪಡೆದದ್ದು ಎಂಬುದೂ ತಿಳಿಯಬೇಕು.

ರಾಕೆಟ್ಟು ಮಾಡಿದವರ ಹೆಸರನ್ನು ಹುಡುಕಲು ಈಗ ಕಾಲ ಮೀರಿದೆ. ಲಿಬರೇಟರ್ ಕಟ್ಟಿದವರದು ಹಾಗಲ್ಲ. 1948ರಲ್ಲಿ 20ರ ಹರೆಯದ ಫಿಟ್ಟರ್ ಆಗಿದ್ದವರಿಗೆ ಈಗ ನೂರರ ಹತ್ತಿರ, ಬಹುತೇಕರು ಇಲ್ಲ. ಆದರೆ ಅವರ ಮಕ್ಕಳು ಮೊಮ್ಮಕ್ಕಳಿದ್ದಾರೆ. ಹಳೆಯ ಮೈಸೂರಿನ ಊರುಗಳಿಂದ ಬೆಂಗಳೂರಿನ ಆ ಕಾರ್ಖಾನೆಗೆ ಕೆಲಸಕ್ಕೆ ಹೋದ ಮನೆಗಳಲ್ಲಿ ಹಳೆಯ ಟ್ರಂಕು, ಹಾಜರಿ ಪುಸ್ತಕ, ಗುಂಪು ಫೋಟೊ, ಅಜ್ಜ ಹೇಳುತ್ತಿದ್ದ ಒಂದೆರಡು ಮಾತು ಇನ್ನೂ ಸಿಕ್ಕಾವು. ಇತಿಹಾಸ ಓದುವ ವಿದ್ಯಾರ್ಥಿಗಳು ತಮ್ಮ ತಾಲ್ಲೂಕಿನಿಂದಲೇ ಈ ಹುಡುಕಾಟ ಶುರುಮಾಡಬಹುದು. ಮೊದಲು ಕೇಳಬೇಕಾದದ್ದು ಇಷ್ಟೇ: ನಿಮ್ಮ ಮನೆಯಿಂದ ಯಾರಾದರೂ ವಿಮಾನದ ಕಾರ್ಖಾನೆಗೆ ಹೋಗಿದ್ದರೆ? ಅಲ್ಲಿ ಅವರ ಕೆಲಸ ಏನಿತ್ತು?